ಸುಮ್ಮನಿರಬಲ್ಲ ಆಂಪ್ಲಿಫೈಯರ್

ನಮ್ಮ ಮೇಲ್ಮನೆಯವರ ಎಡಗಿವಿಯ ಮೇಲೆ ಒರಟು ಬಟ್ಟೆಯ ನೇಯ್ಗೆ ಅಚ್ಚೊತ್ತಿರುತ್ತಿತ್ತು. ಕೆಂಪು ಕೆಂಪಾದ ಸಣ್ಣ ಚೌಕಗಳು. ಬೆಳಿಗ್ಗೆ ಹಾಲಿನ ಚೀಲ ಹಿಡಿದು ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಕಟ್ಟಡದ ಮೆಟ್ಟಿಲು ಹತ್ತುವಾಗ ಎದುರಾದವರಿಗೆಲ್ಲ ಕಾಣುತ್ತಿತ್ತು. ಹೊಸ ಬಾಡಿಗೆದಾರರು ಚರ್ಮರೋಗವೆಂದು ಗೋಡೆಗೆ ಸರಿದು ದಾರಿ ಬಿಟ್ಟದ್ದುಂಟು. ರೋಗವೇನೋ ಹೌದು, ಚರ್ಮದ್ದಲ್ಲ. ತಮ್ಮ ಹಳೆಯ ಸ್ಪೀಕರುಗಳ ಮುಂದಿನ ಬಟ್ಟೆಗೆ ಅವರು ಕಿವಿಯೊತ್ತಿ ಕೂರುತ್ತಿದ್ದರು. ಆಗ ಸ್ಪೀಕರಿನಲ್ಲಿ ಏನೂ ಹಾಡುತ್ತಿರುತ್ತಿರಲಿಲ್ಲ ಎಂಬುದೇ ವಿಶೇಷ.

ನಾನು ಗದಗ ಕಡೆಯವನು. ಠಾಣೆಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತನಾದವನು. ಅವರನ್ನು ಆ ಭಂಗಿಯಲ್ಲಿ ಮೊದಲ ಸಲ ಕಂಡಾಗ ಕೇಳದೆ ಇರಲಾಗಲಿಲ್ಲ.

"ಏನ್ ಕೇಳಾಕತ್ತೀರ್ರಿ? ಏನೂ ಹಚ್ಚೇ ಇಲ್ಲಲ್ಲ!"

"ಅದನ್ನೇ ಕೇಳುದು ಮಾಷ್ಟ್ರೆ. ಎಷ್ಟು ಜೋರು ಕೂಗ್ತದೆ ಅಂತ ಎಲ್ಲರೂ ನೋಡ್ತಾರೆ. ಎಷ್ಟು ಚಂದ ಸುಮ್ಮನಿರ್ತದೆ ಅಂತ ಯಾರೂ ನೋಡುದಿಲ್ಲ."

ಅಡುಗೆಮನೆಯಿಂದ ಅವರ ಹೆಂಡತಿಯ ದನಿ ಬಂತು. "ಮದುವೆಗೆ ಮೊದಲು ನನ್ನನ್ನೂ ಹಾಗೇ ನೋಡಿದ್ದು. ಮೋಸ ಹೋದ್ರು."

ಅವರು ಉಡುಪಿ ಕಡೆಯವರು. ರಬಾಳೆಯ ಒಂದು ಕಾರ್ಖಾನೆಯಲ್ಲಿ ಪರ್ಚೇಸ್ ಆಫೀಸರ್ ಆಗಿದ್ದರು. ಬಂದ ಸರಕಿನಲ್ಲಿ ಒಂದು ಮೊಳೆ ಡೊಂಕಿದ್ದರೂ ಇಡೀ ಲಾರಿಯನ್ನು ಹಿಂದೆ ಕಳಿಸುವುದು ಅವರ ಧರ್ಮ. ನಿವೃತ್ತಿಯ ನಂತರ ವಾಪಸು ಕಳಿಸಲು ಲಾರಿಗಳಿಲ್ಲದೆ, ತಮ್ಮ ಮಹಾಸಂಕಲ್ಪಕ್ಕೆ ಕೈಹಾಕಿದರು: ಠಾಣೆಯ ಒಬ್ಬ ಪಾರ್ಸಿ ಮುದುಕರು ಮನೆ ಖಾಲಿ ಮಾಡುವಾಗ ಕೊಟ್ಟುಹೋದ ನಾಲ್ಕು ವಿಲಾಯತಿ ಸ್ಪೀಕರುಗಳಿಗೆ ತಕ್ಕ ಒಂದು ಆಂಪ್ಲಿಫೈಯರ್ ಹುಡುಕುವುದು. ಸ್ಪೀಕರುಗಳು ಒಂದೊಂದೂ ಗೋದಿಯ ಕಣಜದಷ್ಟಿದ್ದವು. ಒಳಗೆ ಕಹಳೆಯಂಥ ಬಾಯಿ. ಈಗಿನ ಸ್ಪೀಕರುಗಳು ಎಷ್ಟು ಕರೆಂಟು ಉಣಿಸಿದರೂ ಗೊಣಗುತ್ತವೆ. ಇವಕ್ಕೆ ಚೂರೇ ಚೂರು ಸಾಕು, ಬೀದಿಗೆಲ್ಲ ಕೇಳುವಂತೆ ಹಾಡುತ್ತವೆ. ತೊಡಕೂ ಅಲ್ಲೇ ಇತ್ತು. ಆಂಪ್ಲಿಫೈಯರಿನ ಹೊಟ್ಟೆಯೊಳಗಿನ ಸಣ್ಣ 'ಸುಂಯ್' ಸದ್ದನ್ನೂ ಅವು ಅಷ್ಟೇ ಶ್ರದ್ಧೆಯಿಂದ ಊರಿಗೆ ಸಾರುತ್ತವೆ.

ಹಾಡಿಗೆ ಎರಡು ಸ್ಪೀಕರು ಸಾಕಲ್ಲ, ನಾಲ್ಕೇಕೆ? ಉತ್ತರ ಅವರ ತಾಳಮದ್ದಲೆಯ ಕೂಟದಲ್ಲಿತ್ತು. ಹಿಂದೆ ಭಾನುವಾರಗಳಂದು ಅವರ ಮನೆಯ ಹಾಲ್‌ನಲ್ಲೇ ಕೂಟ ನಡೆಯುತ್ತಿತ್ತು. ಭಾಗವತರೊಬ್ಬರು, ಮದ್ದಲೆಯವರೊಬ್ಬರು, ಅರ್ಥ ಹೇಳಲು ಇಬ್ಬರು: ಇವರು ಮತ್ತು ನೆರೂಳದಲ್ಲಿ ಹೋಟೆಲು ಇಟ್ಟಿದ್ದ ಇವರ ಗೆಳೆಯರು. ವೇಷವಿಲ್ಲ, ಕುಣಿತವಿಲ್ಲ. ಕುಳಿತಲ್ಲೇ ಒಬ್ಬ ರಾಜ, ಒಬ್ಬ ದೂತ, ಬಾಯಿಗೆ ಬಂದ ಮಾತಿನಲ್ಲೇ ಯುದ್ಧ. ಗಲ್ಫಿನಿಂದ ಯಾರೋ ತಂದ ನಾಲ್ಕು ಟ್ರ್ಯಾಕಿನ ರೆಕಾರ್ಡರಿನಲ್ಲಿ ಇವರು ಅದನ್ನು, ಒಬ್ಬೊಬ್ಬರ ದನಿ ಒಂದೊಂದು ಟ್ರ್ಯಾಕಿಗೆ ಬರುವಂತೆ, ಹಿಡಿದಿಟ್ಟರು. ಒಬ್ಬರ ದನಿ ಇನ್ನೊಬ್ಬರ ಮೈಕಿಗೆ ಬೀಳಬಾರದೆಂದು, ಜಗಳವಾಡಿದ ಬೀಗರಂತೆ ನಾಲ್ವರನ್ನೂ ಮೂಲೆಗೊಬ್ಬರಾಗಿ ಕೂರಿಸುತ್ತಿದ್ದರಂತೆ.

ಕಾಲ ಕಳೆದು ಭಾಗವತರು ಹೋದರು, ಮದ್ದಲೆಯವರು ಹೋದರು, ಕೊನೆಗೆ ನೆರೂಳದ ಗೆಳೆಯರೂ ಹೋದರು. ಇವರ ಆಸೆ ಸರಳವಾಗಿತ್ತು. ಮೂರು ಮೂಲೆಯ ಸ್ಪೀಕರುಗಳಲ್ಲಿ ಆ ಮೂವರು ಮಾತಾಡಬೇಕು. ನಾಲ್ಕನೆಯದನ್ನು, ಅಂದರೆ ತಮ್ಮದೇ ಟ್ರ್ಯಾಕನ್ನು ಮುಚ್ಚಿ, ಆ ಜಾಗದಲ್ಲಿ ತಾವು ಕುಳಿತು ಗೆಳೆಯನಿಗೆ ಹೊಸದಾಗಿ ಉತ್ತರ ಕೊಡಬೇಕು.

"ಅವನು ಮಾತಿನ ನಡುವೆ ಸ್ವಲ್ಪ ನಿಲ್ಲಿಸ್ತಾನೆ ನೋಡಿ, ಯೋಚನೆ ಮಾಡ್ಲಿಕ್ಕೆ. ಆಗ ಅವನ ಮೌನ ಕೇಳ್ಬೇಕು ನನಗೆ. ಮಿಷನಿನ ಸುಂಯ್ ಅಲ್ಲ."

ಹೀಗೆ ಹುಡುಕಾಟ ನಡೆಯಿತು. ವರಾನ್ವೇಷಣೆಯಲ್ಲಿಯೂ ಇಷ್ಟು ಕಟ್ಟುನಿಟ್ಟು ನಾನು ಕಂಡಿಲ್ಲ. ಎರಡು ಸಣ್ಣ ಆಂಪ್ಲಿಫೈಯರು ಜೋಡಿಸಿದರೆ ಒಂದಕ್ಕೊಂದು ಸೇರದೆ 'ಗುಂಯ್' ಎಂದವು. "ಇಬ್ಬರು ಸೊಸೆಯಂದಿರು" ಎಂದು ಅವರ ಹೆಂಡತಿ ತೀರ್ಪಿತ್ತರು. ಆದ್ದರಿಂದ ಒಂದೇ ಪೆಟ್ಟಿಗೆ, ಸ್ಪೀಕರಿಗೊಂದರಂತೆ ಹಲವು ಚಾನೆಲ್ಲು. ಕಲ್ಯಾಣ ಪೇಟೆಯ ಅಂಗಡಿಯಾತ ಏಳು ಚಾನೆಲ್ಲಿನ, ಗುಡುಗಿನಂಥ ಒಂದನ್ನು ಮುಂದಿಟ್ಟು ಕೇಳಿದ: "ಅಂಕಲ್, ಕೌನ್ಸಾ ಗಾನಾ ಲಗಾಊಂ?"

"ಕುಛ್ ಮತ್ ಲಗಾವೋ," ಏನೂ ಹಾಕಬೇಡ, ಎಂದು ಇವರು ಕಿವಿಯೊತ್ತಿ ಕೂತರು.

ಅಂಗಡಿಯಾತ ನನ್ನ ಮುಖ ನೋಡಿದ. ನಾನು ಗೋಡೆಯ ಕ್ಯಾಲೆಂಡರು ನೋಡಿದೆ. ಅದರಲ್ಲೂ ಸಣ್ಣ ಸುಂಯ್ ಕಂಡು, ಬಿಟ್ಟು ಬಂದೆವು.

ಅಷ್ಟರಲ್ಲಿ ಅವರ ದನಿ ಒಡೆಯತೊಡಗಿತ್ತು. ಶೀತವೆಂದರು, ವಯಸ್ಸೆಂದರು. ಕೊನೆಗೆ ಡಾಕ್ಟರು ಗಂಟಲಲ್ಲಿ ಗಡ್ಡೆಯೆಂದೂ, ಜೀವ ಉಳಿಯಬೇಕಾದರೆ ಧ್ವನಿಪೆಟ್ಟಿಗೆ ತೆಗೆಯಬೇಕೆಂದೂ ಹೇಳಿ ತಾರೀಖು ಕೊಟ್ಟರು. ಅಲ್ಲಿಂದಾಚೆಗೆ ನಮ್ಮ ಹುಡುಕಾಟ ತಮಾಷೆಯಾಗಿ ಉಳಿಯಲಿಲ್ಲ. ದನಿ ಹೋಗುವ ಮೊದಲು ಒಂದೇ ಒಂದು ಸಲ ಗೆಳೆಯನೆದುರು ಕೂತು ಮಾತಾಡಬೇಕಿತ್ತು, ಅಷ್ಟೇ.

ಆಸ್ಪತ್ರೆಗೆ ಸೇರುವ ಹಿಂದಿನ ದಿನ ಬೇರೆ ಸಿಗದೆ ಕಲ್ಯಾಣದ ಆ ಪೆಟ್ಟಿಗೆಯನ್ನೇ ಲೋಕಲ್ ರೈಲಿನ ಸಾಮಾನಿನ ಡಬ್ಬಿಯಲ್ಲಿ, ಮೀನಿನ ಬುಟ್ಟಿಗಳ ನಡುವೆ ಇಟ್ಟುಕೊಂಡು ತಂದೆವು. ಜೋಡಿಸಿದರು. ಕಿವಿಯೊತ್ತಿದರು. ಗೆಳೆಯರ ಚಾನೆಲ್ಲಿನಲ್ಲೇ ಸುಂಯ್.

"ಇರ್ಲಿ ಬಿಡ್ರಿ," ಎಂದೆ ನಾನು. "ಇವತ್ತ ಮಾತಾಡ್ರಿ. ನಾಳೆ ಅನ್ನೋದು ಇಲ್ರಿ."

ಹರಿದ ದನಿಯಲ್ಲಿ ಅವರೆಂದರು: "ಅವನ ಬಾಯಲ್ಲಿ ಈ ಸದ್ದು ಹಾಕಿ ಅವನನ್ನು ಕೂರಿಸುದಾ? ಅವನಿಗೆ ಅವಮಾನ ಅಲ್ವಾ ಮಾಷ್ಟ್ರೆ? ಬೇಡ."

ಸ್ವಿಚ್ಚು ಆರಿಸಿದರು. ಬದುಕಿಡೀ ಡೊಂಕು ಮೊಳೆ ಒಪ್ಪದವರು, ಅಂದು ಒಪ್ಪಿಯಾರೆಂದು ನಾನೇಕೆ ನಂಬಿದೆನೋ! ಹೆಂಡತಿ ಬಾಗಿಲಲ್ಲಿ ನಿಂತಿದ್ದರು. ಒಳಗೆ ಹೋಗಿ ಆಸ್ಪತ್ರೆಗೆ ಒಯ್ಯುವ ಚೀಲ ತುಂಬತೊಡಗಿದರು.

ಶಸ್ತ್ರಚಿಕಿತ್ಸೆಯಾಯಿತು. ಕುತ್ತಿಗೆಯಲ್ಲೊಂದು ತೂತು, ಕೈಯಲ್ಲಿ ನಾನು ತಂದುಕೊಟ್ಟ ಮಕ್ಕಳ ಪಾಟಿ. ತಿಂಗಳುಗಳ ಮೇಲೆ ಅವರು ಪಾಟಿಯಲ್ಲಿ ಬರೆದು ತೋರಿಸಿದರು: "ಬದಲಾಪುರದಲ್ಲಿ ಒಂದು ಉಂಟಂತೆ. ಹಳತು. ನಾಲ್ಕು ಚಾನೆಲ್. ಶಕ್ತಿ ಕಮ್ಮಿ." ಇನ್ನು ಯಾತಕ್ಕೆಂದು ಕೇಳುವ ಧೈರ್ಯ ನನಗಾಗಲಿಲ್ಲ. ಹೋದೆವು. ಮನೆಯ ಯಜಮಾನರು ಯಾವ ಹಾಡು ಹಾಕಲೆಂದು ಕೇಳಿದಾಗ ಇವರು ನನ್ನತ್ತ ನೋಡಿದರು. "ಕುಛ್ ಮತ್ ಲಗಾವೋ" ಎಂದು ನಾನೇ ಹೇಳಬೇಕಾಯಿತು.

ಆ ಪೆಟ್ಟಿಗೆ ಉಸಿರೆತ್ತಲಿಲ್ಲ. ಅಂಥ ಮೌನ ನಾನು ಕೇಳಿರಲಿಲ್ಲ.

ಪೆಟ್ಟಿಗೆ ಮನೆಗೆ ಬಂತು, ಭಾನುವಾರ ಸಂಜೆ ಕೂಟ ಕೂಡಿತು. ಸ್ಪೀಕರುಗಳಲ್ಲಿ ಭಾಗವತರು ಹಾಡಿದರು, ಮದ್ದಲೆ ನುಡಿಯಿತು. ಮೇಲ್ಮನೆಯವರು ಬಿಳಿ ಪಂಚೆಯುಟ್ಟು ತಮ್ಮ ಮೂಲೆಯಲ್ಲಿ, ಮುಚ್ಚಿದ ಸ್ಪೀಕರಿನ ಮುಂದೆ ಅರಸನಾಗಿ ಕುಳಿತರು. ಎದುರು ಮೂಲೆಯಿಂದ ಗೆಳೆಯರು ದೂತನಾಗಿ ಮಾತೆತ್ತಿದರು. ಕೆಮ್ಮಿ ಗಂಟಲು ಸರಿಪಡಿಸಿಕೊಂಡದ್ದೂ ಕೇಳಿತು.

"ಮಹಾರಾಜ, ನಾನು ಬಂದು ಇಷ್ಟು ಹೊತ್ತಾಯಿತು. ಕುಳಿತುಕೋ ಎಂಬ ಮಾತು ಈ ಸಿಂಹಾಸನದಿಂದ ಬರಲಿಲ್ಲ. ದೂತನಿಗೆ ಆಸನವಿಲ್ಲವೋ, ಅರಸನಿಗೆ ಮಾತಿಲ್ಲವೋ?"

ಮೌನ. ಅವರು ಬೇಡಿದಂಥದೇ ಮೌನ, ಒಂದು ಚೂರೂ ಕಲಬೆರಕೆಯಿಲ್ಲದ್ದು. ಅವರ ತುಟಿ ಅಲ್ಲಾಡಿತು. ಕೈ ಮೇಲೆದ್ದಿತು. ಕುತ್ತಿಗೆಯ ತೂತಿನಿಂದ ಬರೀ ಗಾಳಿ ಬಂತು. ನಾನು ನೆಲ ನೋಡುತ್ತ ಕುಳಿತೆ.

ಆಗ ಅಡುಗೆಮನೆಯ ಬಾಗಿಲಿನಿಂದ, ಗ್ರಂಥದ ಕನ್ನಡದಲ್ಲಿ, ಎತ್ತಿದ ದನಿಯಲ್ಲಿ ಉತ್ತರ ಬಂತು. "ಮಾತಿಲ್ಲದೆ ಅಲ್ಲ, ದೂತ! ನಿಂತವನು ಹೊರಡುತ್ತಾನೆ, ಕುಳಿತವನು ಉಳಿಯುತ್ತಾನೆ. ನೀನು ಹೊರಡುವವನೋ ಉಳಿಯುವವನೋ ತಿಳಿಯದೆ ನಾನು ಆಸನವನ್ನು ಹೇಗೆ ಹಾಕಿಸಲಿ?"

ಅವರ ಹೆಂಡತಿ. ಕೈಗೆ ಅಕ್ಕಿಹಿಟ್ಟು ಮೆತ್ತಿತ್ತು. ಕೂಟಕ್ಕೆ ಚಹಾ ಕೊಟ್ಟು ಕೊಟ್ಟೇ ಬೇಸತ್ತೆ ಎನ್ನುತ್ತಿದ್ದವರು!

ಎದುರು ಮೂಲೆಯ ಸ್ಪೀಕರಿನಲ್ಲಿ ಗೆಳೆಯರು ಜೋರಾಗಿ ನಕ್ಕರು. ಎಂದೋ, ಯಾವುದೋ ಬೇರೆ ಉತ್ತರಕ್ಕೆ ನಕ್ಕ ನಗೆ ಅದು. ಆದರೂ ಈ ಉತ್ತರಕ್ಕೇ ನಕ್ಕಂತಿತ್ತು. ಮೇಲ್ಮನೆಯವರ ಭುಜ ಕುಲುಕತೊಡಗಿತು. ನಗುವೋ ಅಳುವೋ, ಸದ್ದಿಲ್ಲದೆ ತಿಳಿಯುವ ಬಗೆ ಇರಲಿಲ್ಲ. ಪಾಟಿ ತೆಗೆದುಕೊಂಡು ಬರೆದರು: "ನನ್ನದಕ್ಕಿಂತ ಒಳ್ಳೆದುಂಟು."

ಅಂದಿನಿಂದ ಭಾನುವಾರಗಳಂದು ಅರಸನ ಮಾತು ಆಕೆಯದಾಯಿತು. ಅವರು ಕಣ್ಣುಮುಚ್ಚಿ ಕೇಳುತ್ತಿದ್ದರು, ಕೆಲವೊಮ್ಮೆ ಕೈಯೆತ್ತಿ ತಡೆಯುತ್ತಿದ್ದರು. ಎದುರಿನವರು ಮಾತು ಮುಗಿಸಿ ಯೋಚಿಸುವಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರುವುದನ್ನು, ಜೀವಮಾನವಿಡೀ ಪಾಠ ಹೇಳಿದ ನಾನು, ಕಲಿತದ್ದು ಆ ಹಾಲ್‌ನಲ್ಲಿ. ಮಳೆಗಾಲ ಕಳೆಯುವ ಮೊದಲೇ ಗಡ್ಡೆ ಮತ್ತೆ ತಲೆಯೆತ್ತಿತು. ಅವರು ಹೊರಟುಹೋದರು.

ಕ್ರಿಯೆಗಳೆಲ್ಲ ಮುಗಿದು ಬಂಧುಗಳು ಹೋದ ಮೇಲಿನ ಭಾನುವಾರ ಆಕೆ ನನ್ನನ್ನು ಕರೆದರು. ಆ ಪೆಟ್ಟಿಗೆಯ ಗುಂಡಿಗಳು ಆಕೆಗೆ ತಿಳಿಯವು. ನಾನು ಎಂದಿನಂತೆ ಮೂರು ಚಾನೆಲ್ಲು ತೆರೆದು, ಅವರದೇ ದನಿಯಿದ್ದ ನಾಲ್ಕನೆಯದರ ಮೇಲೆ ಕೈಯಿಟ್ಟು ಕೇಳಿದೆ.

"ಅಕ್ಕಾರ, ಇದನ್ನ ಮುಚ್ಚೇ ಇಡ್ಲೇನ್ರಿ? ಅರಸನ ಮಾತು ನೀವ ಹೇಳ್ತೀರಲ್ಲ?"

ಆಕೆ ಆ ಮೂಲೆಯನ್ನು ನೋಡಿದರು, ಆಮೇಲೆ ಎದುರು ಮೂಲೆಯನ್ನು.

"ಇಲ್ಲ, ತೆರೀರಿ. ಇನ್ನು ನಡುವೆ ನನ್ನದೆಂತ ಉಂಟು? ಅವರವರೇ ಮಾತಾಡಿಕೊಳ್ಳಲಿ."