ಕಿವಿ ಕೈಕೊಟ್ಟ ಮೇಸ್ತ್ರಿ

ಖನೀಫ್ರಾ ಪಟ್ಟಣದ ಬಸ್ ನಿಲ್ದಾಣದ ಹಿಂದಿನ ಗ್ಯಾರೇಜು ಸಾಲಿನಲ್ಲಿ ಬುವಾಜ್ಜಾ ಮೇಸ್ತ್ರಿಗಿದ್ದ ಹೆಸರೆಲ್ಲ ಅವನ ಕಿವಿಯಿಂದ ಬಂದದ್ದು. ಟ್ಯಾಕ್ಸಿ ಇನ್ನೂ ಬೀದಿಯ ತಿರುವಿನಲ್ಲಿರುವಾಗಲೇ, ರೊಟ್ಟಿಯನ್ನು ಆಲಿವ್ ಎಣ್ಣೆಗೆ ಅದ್ದುತ್ತ ಕೂತಲ್ಲಿಂದಲೇ, "ವಾಲ್ವ್ ಸಡಿಲ ಆಗಿದೆ, ಒಳಗ್ ತಗೊಂಬಾರಯ್ಯ" ಎಂದು ಕೂಗುತ್ತಿದ್ದ. ಅರುವತ್ತು ಹತ್ತಿರವಾಗುತ್ತಿದ್ದಂತೆ ಆ ಕಿವಿ ಕೈಕೊಡತೊಡಗಿತು. ಮೊದಲು ಚಹಾದ ಕೆಟಲಿನ ಸಿಳ್ಳು ಹೋಯಿತು, ಆಮೇಲೆ ಹೆಂಡತಿ ರಖಿಯಾಳ ಗೊಣಗಾಟ.

"ಡಾಕ್ಟ್ರಿಗೆ ತೋರಿಸ್ಕೊಳ್ಳಿ ಅಂದ್ರೆ ಕೇಳಲ್ಲ ನೀವು" ಎಂದು ಅವಳು ಒಂದು ದಿನ ಕೂಗಿಯೇ ಹೇಳಿದಳು.

"ಮೇಸ್ತ್ರಿ ಕಿವುಡ ಅಂತ ಊರಿಗೆಲ್ಲ ಡಂಗುರ ಹೊಡೀಬೇಕಾ?"

ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಆನಿಸಿ, ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ, ಅದರ ನಡುಕವನ್ನು ದವಡೆಯಿಂದ ತಿಳಿಯುವುದನ್ನು ಅವನು ರೂಢಿ ಮಾಡಿಕೊಂಡ. ನೋಡಿದವರು ಇದೂ ಒಂದು ವಿದ್ಯೆ ಎಂದುಕೊಂಡರು.

ಆ ವಸಂತದಲ್ಲಿ ಗೆಳೆಯ ಅಲ್ಲಾಲ್ ತನ್ನ ಹಳೆಯ ಬೆಂಜ್ ಟ್ಯಾಕ್ಸಿ ತಂದು ನಿಲ್ಲಿಸಿದ. ಇಬ್ಬರೂ ಹರೆಯದಲ್ಲಿ ಸೈನ್ಯದ ಲಾರಿ ಓಡಿಸಿದವರು, ಒಂದೇ ತಟ್ಟೆಯಲ್ಲಿ ಉಂಡವರು. ಬೆಳಿಗ್ಗೆ ಎಂಜಿನ್ ಶುರು ಮಾಡಿದರೆ ಡಬ್ಬಿಯಲ್ಲಿ ಮೊಳೆ ಅಲ್ಲಾಡಿಸಿದ ಹಾಗೆ ಸದ್ದಂತೆ. ಬಿಚ್ಚಿ ನೋಡಿದರೆ, ವಾಲ್ವುಗಳನ್ನು ಪಿಸ್ಟನ್ನಿನ ತಾಳಕ್ಕೆ ನಡೆಸುವ ಟೈಮಿಂಗ್ ಚೈನ್ ಸವೆದು ಜೋತುಬಿದ್ದಿತ್ತು.

ಬುವಾಜ್ಜಾ ಹಳೆಯ ಚೈನಿನ ಕೊಂಡಿ ಕತ್ತರಿಸಿ, ಅದರ ತುದಿಗೆ ಹೊಸದನ್ನು ಕಟ್ಟಿ, ಎಂಜಿನ್ನನ್ನು ಕೈಯಿಂದ ಇಷ್ಟಿಷ್ಟೇ ತಿರುಗಿಸುತ್ತ ಒಳಗೆಳೆದುಕೊಂಡ. ಗುರುತಿಗೆ ಗುರುತು ಕೂಡಿಸಿ ಕೊಂಡಿ ಬಡಿದು ಬಿಗಿ ಮಾಡಿದ. ಚೈನನ್ನು ಒತ್ತಿ ಹಿಡಿಯುವ ಟೆನ್ಷನರ್ ಮಾತ್ರ ಹೊಸದು ಸಿಗದೆ, ಹಳೆಯದನ್ನೇ ತೊಳೆದು ಹಾಕಿದ. ಅದು ಒಳಗೇ ಸಿಕ್ಕಿಕೊಂಡು ಚೈನನ್ನು ಸರಿಯಾಗಿ ಒತ್ತುತ್ತಿರಲಿಲ್ಲ. ಎಂಜಿನ್ ಶುರು ಮಾಡಿ ಸ್ಕ್ರೂಡ್ರೈವರ್ ಕಚ್ಚಿ ನೋಡಿದ. ಡೀಸೆಲ್ ಎಂಜಿನ್ನಿನ ನಡುಕವೆಲ್ಲ ಒಂದೇ ಆಗಿ ಹಲ್ಲಿಗೆ ಬಂತು, ಬೇರೇನೂ ತಿಳಿಯಲಿಲ್ಲ. ಬಾನೆಟ್ಟಿನ ಆಚೆಯಿಂದ ಅಲ್ಲಾಲನ ತುಟಿ ಅಲ್ಲಾಡಿತು. ಹೊಗಳುತ್ತಿದ್ದಾನೆ ಎಂದುಕೊಂಡ ಬುವಾಜ್ಜಾ, "ನಿನ್ನ ಮೊಮ್ಮಕ್ಕಳೂ ಓಡಿಸ್ಬಹುದು, ಹೋಗೋ" ಎಂದು ನಕ್ಕ.

ವಾರ ಕಳೆಯುವುದರೊಳಗೆ ಟ್ರ್ಯಾಕ್ಟರೊಂದು ಆ ಟ್ಯಾಕ್ಸಿಯನ್ನು ಎಳೆದು ತಂದಿತು. ಮ್ರೀರ್ತ್‌ಗೆ ಹೋಗುವ ದಾರಿಯ ಏರಿನಲ್ಲಿ, ಒಳಗೆ ಜನ ತುಂಬಿರುವಾಗ, ಸಡಿಲ ಚೈನ್ ಚಕ್ರದ ಹಲ್ಲು ತಪ್ಪಿ ಪಿಸ್ಟನ್ನುಗಳು ವಾಲ್ವುಗಳಿಗೆ ಬಡಿದಿದ್ದವು. ಯಾರಿಗೂ ಏನೂ ಆಗಿರಲಿಲ್ಲ. ಎಂಜಿನ್ ಮಾತ್ರ ಮುಗಿದಿತ್ತು.

ಅಲ್ಲಾಲ್ ಕೈ ಬೀಸಿ ಬೀಸಿ ಏನೋ ಕಿರುಚಿದ. ಬುವಾಜ್ಜಾ ತಲೆ ತಗ್ಗಿಸಿ ಎಂಜಿನ್ನಿನ ಕಡೆಗೆ ತಿರುಗಿ ನಿಂತ. ಸ್ವಲ್ಪ ಹೊತ್ತಿಗೆ ಒಂದು ಕೈ ಅವನ ಭುಜ ಹಿಡಿದು ತಿರುಗಿಸಿತು. ಅಲ್ಲಾಲನ ಮುಖದಲ್ಲಿ ಸಿಟ್ಟಿರಲಿಲ್ಲ. ಅವನು ಕಿವಿಯ ಬಳಿ ಬಾಯಿಟ್ಟು, "ಬೆನ್ನ ಹಿಂದೇನೇ ನಿಂತು ಕೂಗ್ದೆ ಕಣೋ. ತಿರುಗ್ಲೇ ಇಲ್ಲ ನೀನು" ಎಂದ.

ಬುವಾಜ್ಜಾ ಎಣ್ಣೆಗೈಯನ್ನು ಬಟ್ಟೆಗೆ ಒರೆಸಿಕೊಂಡ.

"ಅವತ್ತೂ ಸದ್ದು ಇನ್ನೂ ಇದೆಯಲ್ಲೋ ಅಂತ ಕೇಳ್ದೆ. ನೀನು ನಕ್ಕೆ. ನನ್ ಕಿವೀನೇ ಸುಳ್ಳು ಅಂದ್ಕೊಂಡು ಗಾಡಿ ತಗೊಂಡು ಹೋದೆ. ಒಂದು ಮಾತು ಹೇಳ್ಬಾರದಿತ್ತಾ, ಪಾಪಿ?"

"ಹೇಳಿದ್ರೆ ಗಾಡಿ ತರ್ತಿದ್ಯಾ?"

ಅಲ್ಲಾಲ್ ಗಾಡಿಯ ಬಾನೆಟ್ಟನ್ನು ಮೆಲ್ಲಗೆ ಇಳಿಸಿ ಹೊರಟುಹೋದ.

ಗಾಡಿ ಗುಜರಿಗೆ ಹೋಯಿತು. ಅಲ್ಲಾಲ್ ಬೇರೊಬ್ಬರ ಟ್ಯಾಕ್ಸಿಗೆ ಚಾಲಕನಾದ. ಗೆಳೆಯನ ಕಿವಿಯ ವಿಷಯ ಅವನು ಯಾರ ಬಳಿಯೂ ಎತ್ತಲಿಲ್ಲ. ಆದರೆ ಅಲ್ಲಾಲನೇ ಬರುವುದು ಬಿಟ್ಟ ಗ್ಯಾರೇಜಿಗೆ ಬೇರೆಯವರೇಕೆ ಬರುತ್ತಾರೆ? ರಂಜಾನಿಗೆ ಮೊದಲೇ ಬುವಾಜ್ಜಾ ಶಟರ್ ಎಳೆದ.

ಈಗ ಅವನು ಮನೆಯಲ್ಲಿ ಗೋಡೆಗೆ ಒರಗಿ ಕೂರುತ್ತಾನೆ. ಏನು ಹೇಳಬೇಕಾದರೂ ರಖಿಯಾ ಎದುರಿಗೆ ಬಂದು, ತುಟಿ ಕಾಣುವಂತೆ ಕೂರಬೇಕು. ಅವಳು ಬಂದು ಕೂತರೆ ಅವನು ಕಣ್ಣು ಮುಚ್ಚಿಕೊಳ್ಳುತ್ತಾನೆ.