ಕಾಲುವೆ ಸೇತುವೆಯ ಮೇಸ್ತ್ರಿ

ಮೇಸ್ತ್ರಿಯವರ ಎಡಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಎಂದೋ ಸುತ್ತಿಗೆ ಏಟಿಗೆ ಕಿತ್ತುಹೋಗಿ, ಆ ಜಾಗ ಹುಣಸೆಬೀಜದ ಹಾಗೆ ಕಪ್ಪಗೆ ನುಣುಪಾಗಿತ್ತು. ಸೇತುವೆಯ ಅಡಿಗೆ ಇಳಿದು, ಸಣ್ಣ ಸುತ್ತಿಗೆಯಿಂದ ಕಾಂಕ್ರೀಟನ್ನು ತಟ್ಟುತ್ತ, ಆ ಹೆಬ್ಬೆರಳನ್ನು ಪಕ್ಕದಲ್ಲೇ ಒತ್ತಿ ಹಿಡಿದು ಕಣ್ಣು ಮುಚ್ಚುತ್ತಿದ್ದರು. ಸದ್ದು ಗಟ್ಟಿಯಾಗಿ ಬಂದರೆ ಮುಂದಕ್ಕೆ. ಟೊಳ್ಳಾಗಿ ಬಂದರೆ "ಇಲ್ಲಿ ಒಳಗೆ ಬುಟ್ಟೈತೆ ಸಾರ್" ಎಂದು ಸುಣ್ಣದಲ್ಲಿ ಒಂದು ಸುತ್ತು ಹಾಕುತ್ತಿದ್ದರು. ಎಂಜಿನಿಯರಿಂಗ್ ಓದಿದ ನಾನು ಅದೇ ಜಾಗ ತಟ್ಟಿದರೆ ನನ್ನ ಕಿವಿಗೆ ಎರಡೂ ಒಂದೇ. ನನ್ನ ಹೊಟ್ಟೆಕಿಚ್ಚು ಶುರುವಾದದ್ದು ಅಲ್ಲಿ.

ನಾನಾಗ ರಸ್ತೆ ನಿರ್ವಹಣೆಯ ಒಂದು ಉಪವಿಭಾಗದಲ್ಲಿ ಸಹಾಯಕ ಎಂಜಿನಿಯರ್. ಅವರು ನನ್ನ ಕೈಕೆಳಗಿನ ಗ್ಯಾಂಗಿನ ಮೇಸ್ತ್ರಿ, ಲಗ್ಗೆರೆಯವರೇ, ನನಗಿಂತ ಇಪ್ಪತ್ತು ವರ್ಷವಾದರೂ ದೊಡ್ಡವರು. ಲಗ್ಗೆರೆಯ ಕಡೆಯಿಂದ ಪೀಣ್ಯಕ್ಕೆ ಹೋಗುವ ಒಂದು ಒಳದಾರಿಯಲ್ಲಿ, ಮಳೆನೀರು ಹರಿಯುವ ರಾಜಕಾಲುವೆಗೆ ಅಡ್ಡಲಾಗಿ ಹಳೆಯ ಸೇತುವೆಯೊಂದಿತ್ತು. ಎತ್ತಿನಗಾಡಿ ಓಡಾಡುವ ಕಾಲಕ್ಕೆ ಕಟ್ಟಿದ್ದು. ಈಗ ಅದರ ಮೇಲೆ ಕಬ್ಬಿಣದ ರಾಡು ಹೇರಿದ ಲಾರಿಗಳು, ಗಾರ್ಮೆಂಟ್ಸ್‌ನ ವ್ಯಾನುಗಳು, ಬೆಳಗಿನ ಶಿಫ್ಟಿಗೆ ಓಡುವ ಸಾವಿರಾರು ಕಾಲುಗಳು. ಅದನ್ನು ನೋಡಿಕೊಳ್ಳುವ ಹೊಣೆ ಕಾಗದದ ಮೇಲೆ ನನ್ನದು. ಆದರೆ ಜನ ಅದನ್ನು ಕರೆಯುತ್ತಿದ್ದದ್ದು ಮೇಸ್ತ್ರಿ ಸೇತುವೆ ಎಂದು.

ಜೀಪಿನಿಂದ ನಾನಿಳಿದರೆ ಆಟೋದವರು ಮುಖ ತಿರುಗಿಸುತ್ತಿದ್ದರು. ಗುಂಡಿ ತೋರಿಸಲು ಯಾರಾದರೂ ಬಂದರೆ ನನ್ನನ್ನು ದಾಟಿ ಹೋಗಿ, "ಮೇಸ್ತ್ರಿ, ಸ್ವಲ್ಪ ಬಂದ್ ನೋಡಣ್ಣ" ಎನ್ನುತ್ತಿದ್ದರು. ಬೈಯಲು ನಾನು ಬೇಕು, ಕೆಲಸಕ್ಕೆ ಅವರು ಬೇಕು. ಇದನ್ನು ಸಹಿಸಿಕೊಂಡು ದೊಡ್ಡ ಮನಸ್ಸು ಮಾಡಿದೆ ಎಂದು ಬರೆಯಲು ಆಸೆಯೇನೋ ಇದೆ. ಮಾಡಲಿಲ್ಲ.

ಆ ಸೇತುವೆಯ ಎರಡೂ ಅಂಚಿನಲ್ಲಿ ಮಳೆನೀರು ಕೆಳಗಿಳಿಯಲು ಕಿಂಡಿಗಳಿದ್ದವು. ಅವು ಕಟ್ಟಿಕೊಂಡರೆ ನೀರು ಮೇಲೇ ನಿಂತು ಕಾಂಕ್ರೀಟಿನೊಳಗೆ ಇಳಿದು ಕಬ್ಬಿಣವನ್ನು ತಿನ್ನುತ್ತದೆ. ಕಿಂಡಿಗಳಿಗೆ ಕಸ ತಡೆಯುವ ಜಾಲರಿ ಬೇಕೆಂದು ನಾನು ಮೇಲಿನ ಕಚೇರಿಗೆ ಮೂರು ಸಲ ಬರೆದೆ. ಕಿಂಡಿ ಕಾಯಲು ಯಾವ ಲೆಕ್ಕಶೀರ್ಷಿಕೆಯಲ್ಲೂ ಅನುದಾನ ಇಲ್ಲ ಎಂಬ ಉತ್ತರ ಕೂಡ ಬರಲಿಲ್ಲ. ಮೇಸ್ತ್ರಿ ಪೀಣ್ಯದ ಎರಡನೇ ಹಂತದಲ್ಲಿ ಒಂದು ಲೇತ್ ಶಾಪಿಗೆ ಹೋಗಿ ಮಾಲೀಕರ ಜೊತೆ ಟೀ ಕುಡಿದು ಬಂದರು. ಮುಂದಿನ ವಾರ ತುಂಡು ರಾಡುಗಳಿಂದ ಬೆಸೆದ ಜಾಲರಿಗಳು ಸೈಕಲ್ ಕ್ಯಾರಿಯರ್ ಮೇಲೆ ಬಂದವು. "ಅವ್ರ್ ಶಾಪಿನ್ ಹುಡುಗ್ರೂ ಇದ್ರ ಮ್ಯಾಲೇ ಅಲ್ವಾ ಸಾರ್ ಕೆಲ್ಸಕ್ಕೆ ಬರೋದು" ಎಂದರು. ನಾನು ಒಳ್ಳೆಯದಾಯಿತು ಎನ್ನುವುದು ಬಿಟ್ಟು, ಅನುಮತಿ ಇಲ್ಲದೆ ಹೊರಗಿನವರಿಂದ ಸಾಮಾನು ತಗೊಂಡಿದ್ದೇಕೆ ಎಂದು ಕೇಳಿದೆ.

ಅವರದೊಂದು ಮಾತಿತ್ತು: "ಸೇತ್ವೆ ಬಿದ್ಮೇಲೆ ದುಡ್ಡು ಬತ್ತದೆ ಸಾರ್, ನಿಂತಿರೋವಾಗ ಬರಾಕಿಲ್ಲ." ಪೂರ್ತಿ ನಿಜವಲ್ಲ. ನಿಂತಿರುವಾಗಲೂ ಡಾಂಬರಿಗೆ ಬರುತ್ತದೆ. ಮಾರ್ಚಿ ಹತ್ತಿರವಾದಂತೆ ಉಳಿದ ಅನುದಾನವನ್ನೆಲ್ಲ ಕರಗಿಸಬೇಕು. ಹೊಸ ಡಾಂಬರು ಹಾಕಿದರೆ ಎಲ್ಲರ ಕಣ್ಣಿಗೂ ಬೀಳುತ್ತದೆ, ಫೋಟೋದಲ್ಲೂ ಚೆಂದ. ಹಳೆಯದನ್ನು ಕೆರೆದು ತೆಗೆಯಲು ಮಾತ್ರ ಎಸ್ಟಿಮೇಟಿನಲ್ಲಿ ಜಾಗವಿರುವುದಿಲ್ಲ. ಹೀಗೆ ಪದರದ ಮೇಲೆ ಪದರ ಬಿದ್ದು ಸೇತುವೆಯ ಅಂಚಿನ ಕಟ್ಟೆ ಕುಳ್ಳಾಗುತ್ತ ಬಂದಿತ್ತು.

ಒಂದು ಮಾರ್ಚಿಯಲ್ಲಿ, ದೊಡ್ಡವರೊಬ್ಬರು ಆ ದಾರಿಯಲ್ಲಿ ಬರುತ್ತಾರೆಂದು, ಇನ್ನೊಂದು ಪದರ ಹಾಕಲು ಆದೇಶವಾಯಿತು. ರೋಲರ್ ಬಂದು ನಿಂತಿತ್ತು. ಮೇಸ್ತ್ರಿ ಕಟ್ಟೆಯ ಪಕ್ಕ ಕಾಲಿಟ್ಟು ತೋರಿಸಿದರು.

"ನಾನ್ ಕೆಲ್ಸಕ್ಕೆ ಸೇರ್ದಾಗ ಈ ಕಟ್ಟೆ ಮೊಣಕಾಲ್ಗಿತ್ತು ಸಾರ್. ಈಗ ಹಿಮ್ಮಡಿಗೆ ಬಂದೈತೆ. ವರ್ಸಕ್ಕೊಂದು ಕಂಬ್ಳಿ ಹೊದ್ಸಿದ್ರೆ ಹೊತ್ಕೊಂಡು ನಿಂತಿರೋದು ಈ ಸೇತ್ವೇನೇ ಅಲ್ವಾ? ಕೆರ್ದು ಹಾಕಿ. ಇಲ್ಲಾಂದ್ರೆ ಕಿಂಡಿ ಎಲ್ಲಾ ಮುಚ್ಕೋತವೆ."

ಅವರು ಹೇಳಿದ್ದು ಸರಿ ಎಂದು ನನಗೆ ಗೊತ್ತಿತ್ತು. ಆದರೆ ಗುತ್ತಿಗೆದಾರ ನನ್ನ ಕಡೆ ನೋಡಲೇ ಇಲ್ಲ. "ಏನ್ ಮಾಡೋಣ ಮೇಸ್ತ್ರಿ, ಹಾಕೋದಾ ಬೇಡ್ವಾ?" ಎಂದು ಅವರನ್ನೇ ಕೇಳಿದ. ಎಂಟು ಜನ ಕೂಲಿಗಳು, ರೋಲರಿನವನು, ಎಲ್ಲರೂ ಅವರ ಬಾಯನ್ನೇ ನೋಡುತ್ತಿದ್ದರು. ನನ್ನ ಮೈಯೆಲ್ಲ ಉರಿದುಹೋಯಿತು.

"ಇಲ್ಲಿ ಎಂಜಿನಿಯರ್ ಯಾರ್ರೀ? ಹಾಕ್ರಿ" ಎಂದೆ.

ಹಾಕಿದರು. ಕಿಂಡಿಗಳು, ಆ ಜಾಲರಿಗಳ ಸಮೇತ, ಬಿಸಿ ಡಾಂಬರಿನಡಿ ಹೋದವು.

ಅದೇ ವಾರ ನಾನು, ಈ ಮೇಸ್ತ್ರಿ ಆದೇಶ ಪಾಲಿಸುವುದಿಲ್ಲ, ಬೇರೆ ಕಡೆ ಹಾಕಬೇಕು ಎಂದು ವಿಭಾಗದ ಕಚೇರಿಗೆ ಪತ್ರ ಬರೆದೆ. ನಮ್ಮ ಟಪಾಲು ಒಯ್ಯುತ್ತಿದ್ದವರು ಅವರೇ. ಅದನ್ನೂ ಅವರ ಕೈಯಲ್ಲೇ ಕಳಿಸಿದೆ. ಬೇರೆಯವರಿದ್ದರು, ಕಳಿಸಬಹುದಿತ್ತು. ಆ ಕಚೇರಿಯ ಗುಮಾಸ್ತ ಪ್ರತಿ ಲಕೋಟೆಯನ್ನೂ ತಂದವರ ಎದುರೇ ಒಡೆದು, ವಿಷಯವನ್ನು ಗಟ್ಟಿಯಾಗಿ ಓದಿಕೊಂಡು ಪುಸ್ತಕದಲ್ಲಿ ಬರೆಯುವವನು. ಅದೂ ನನಗೆ ಗೊತ್ತಿತ್ತು. ಮೇಸ್ತ್ರಿ ಮಧ್ಯಾಹ್ನ ವಾಪಸು ಬಂದು ಮೊಹರು ಬಿದ್ದ ಪ್ರತಿಯನ್ನು ನನ್ನ ಮೇಜಿನ ಮೇಲಿಟ್ಟು, ಗಾಳಿಗೆ ಹಾರದಿರಲೆಂದು ಸ್ಟೇಪ್ಲರನ್ನು ಅದರ ಮೇಲೆ ಹೇರಿದರು. "ಕೊಟ್ಬಂದೆ ಸಾರ್" ಎಂದರು.

ಅವರನ್ನು ಬೊಮ್ಮಸಂದ್ರದ ಕಡೆಗೆ ಹಾಕಿದರು. ಲಗ್ಗೆರೆಯ ಮನೆಯಿಂದ ಊರಿನ ಆ ತುದಿಗೆ ಬಸ್ಸು ಬದಲಾಯಿಸಿಕೊಂಡು ಓಡಾಟ. ನಿವೃತ್ತಿಗೆ ಅವರಿಗೆ ಉಳಿದಿದ್ದದ್ದು ಎರಡೇ ವರ್ಷ.

ಮುಂಗಾರು ಹಿಡಿದ ಮೊದಲ ವಾರವೇ ಸೇತುವೆಯ ಮೇಲೆ ಪಾದ ಮುಳುಗುವಷ್ಟು ನೀರು ನಿಂತಿತು. ಕುಳ್ಳಾದ ಕಟ್ಟೆ ನೀರೊಳಗೆ ಮುಳುಗಿ, ರಸ್ತೆ ಎಲ್ಲಿಗೆ ಮುಗಿದು ಕಾಲುವೆ ಎಲ್ಲಿಂದ ಶುರು ಎಂದೇ ತಿಳಿಯುತ್ತಿರಲಿಲ್ಲ. ಬೆಳಗಿನ ಶಿಫ್ಟಿಗೆ ಹೋಗುತ್ತಿದ್ದ ಹುಡುಗಿಯೊಬ್ಬಳು ಅಂಚಿನಲ್ಲಿ ಕಾಲು ಜಾರಿದಳು. ಹಿಂದಿದ್ದವರು ಅವಳ ಜಡೆ, ದುಪಟ್ಟ, ಸಿಕ್ಕಿದ್ದನ್ನು ಹಿಡಿದೆಳೆದುಕೊಂಡದ್ದರಿಂದ ಉಳಿದಳು. ನಾನು ಗ್ಯಾಂಗಿನವರ ಜೊತೆ ಹಾರೆ ಹಿಡಿದು ನೀರಿಗಿಳಿದು ಕಂಡಕಂಡಲ್ಲಿ ಕುಟ್ಟಿಸಿದೆ. ಒಂದು ಕಿಂಡಿಯೂ ಸಿಗಲಿಲ್ಲ. ಕೊನೆಗೆ ಮೇಸ್ತ್ರಿಗೆ ಫೋನ್ ಮಾಡಿದೆ. ಅಂದು ಅವರ ವಾರದ ರಜೆ.

ಕಾಲು ಗಂಟೆಯಲ್ಲಿ ಪಂಚೆ ಎತ್ತಿಕಟ್ಟಿಕೊಂಡು ಬಂದರು. ದೀಪದ ಕಂಬಕ್ಕೆ ಬೆನ್ನು ಕೊಟ್ಟು ನಿಂತು, ನೀರೊಳಗೆ ಏಳು ಹೆಜ್ಜೆ ಹಾಕಿ, ಬರಿಗಾಲಿನಿಂದ ತಡಕಿ, "ಇಲ್ಲಿ ಹೊಡಿರ್ಲಾ" ಎಂದರು. ಹೊಡೆದರು. ಡಾಂಬರು ಒಡೆದು ನೀರು ಗುಳುಗುಳು ಇಳಿಯಿತು. ಮತ್ತೆ ಏಳು ಹೆಜ್ಜೆ. ಒಂದಾದರೂ ತಪ್ಪಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಕಾಲಡಿಯ ಸೇತುವೆ ನನ್ನದು, ಅಪಾಯದಲ್ಲಿದ್ದ ಜನ ನನ್ನ ಹೊಣೆ, ಆದರೂ ಹಾಗೇ ಬೇಡಿಕೊಂಡೆ. ಒಂದೂ ತಪ್ಪಲಿಲ್ಲ.

ಅಷ್ಟರಲ್ಲಿ ನಮ್ಮ ವಿಭಾಗದ ದೊಡ್ಡ ಸಾಹೇಬರ ಕಾರು ಬಂತು. ಇಳಿಯುತ್ತಿರುವ ನೀರು ನೋಡಿ, "ಯಾರ್ರೀ ಇದನ್ನ ಪತ್ತೆ ಮಾಡಿದ್ದು?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಮೇಸ್ತ್ರಿ ಕೈಮುಗಿದು ಹೇಳಿದರು: "ನಮ್ ಸಾರೇ ಸಾರ್. ಅವ್ರ್ ಹೇಳಿದ್ ಜಾಗಕ್ಕೆ ನಾನು ಹೊಡಿಸ್ದೆ ಅಷ್ಟೆ." ಸಾಹೇಬರು ನನ್ನ ಭುಜ ತಟ್ಟಿದರು. "ಅಲ್ಲ ಸಾರ್, ಇವರು" ಎನ್ನಲು ಒಂದು ಕ್ಷಣ ಸಾಕಿತ್ತು. ನಾನು ಸುಮ್ಮನೆ ನಿಂತೆ. ಒಳಗೆ ಇನ್ನೂ ಉರಿಯಿತು, ಏಕೆಂದರೆ ದೊಡ್ಡತನದಲ್ಲೂ ಅವರೇ ಗೆದ್ದಿದ್ದರು, ಅದೂ ನನ್ನ ಎದುರಿಗೇ, ಬರಿಗಾಲಲ್ಲಿ ನಿಂತು.

ನಿವೃತ್ತಿಯಾಗಿ ವರ್ಷ ತುಂಬುವ ಮೊದಲೇ ಅವರು ಹೋಗಿಬಿಟ್ಟರು. ಎದೆನೋವು. ಸುದ್ದಿ ತಿಳಿದು ಲಗ್ಗೆರೆಗೆ ಹೋದರೆ ಓಣಿಯ ತುಂಬ ಜನ. ಆಟೋದವರು, ಲೇತ್ ಶಾಪಿನವರು, ಸಮವಸ್ತ್ರದಲ್ಲೇ ಬಂದ ಗಾರ್ಮೆಂಟ್ಸ್ ಹೆಂಗಸರು. ನಾನು ಸತ್ತರೆ ಇದರಲ್ಲಿ ಕಾಲು ಭಾಗ ಸೇರುತ್ತದೆಯೇ ಎಂದು ಅಲ್ಲಿ, ಆ ಹೆಣದ ಮುಂದೆ ನಿಂತು, ನನ್ನ ತಲೆ ಯೋಚಿಸಿತು. ಹಾರವನ್ನು ಬೇರೆಯವರ ಕೈಗೆ ಕೊಟ್ಟು ಹಿಂದೆ ಸರಿದೆ.

ಬಡ್ತಿಯಾಗಿ ಈಗ ಅದೇ ಉಪವಿಭಾಗಕ್ಕೆ ಮರಳಿ ಬಂದಿದ್ದೇನೆ. ಈ ಮಾರ್ಚಿಯಲ್ಲಿ ಡಾಂಬರಿನ ಅನುದಾನ ಬಂದಾಗ, ಹಳೆಯ ಪದರಗಳನ್ನೆಲ್ಲ ಕೆರೆದು ತೆಗೆಯದೆ ಹೊಸದನ್ನು ಹಾಕುವುದಿಲ್ಲ ಎಂದು ಬರೆದು ಸಹಿ ಹಾಕಿದೆ. ಮೇಲಿನವರಿಂದ ಸಾಕಷ್ಟು ಬೈಸಿಕೊಂಡೆ. ಕೊನೆಗೂ ಒಪ್ಪಿಗೆ ಬಂತು. ಸೇತುವೆ ಮುಚ್ಚಿಸಿ ಕೆಲಸಕ್ಕೆ ಕೈಹಾಕಿದೆವು. ಮೂರನೆಯ ದಿನ ಊಟದ ಬ್ಯಾಗ್ ಹೆಗಲಿಗೆ ಹಾಕಿಕೊಂಡ ಹೆಂಗಸೊಬ್ಬಳು ತಡೆಬೇಲಿಯ ಹತ್ತಿರ ನಿಂತು ದಬಾಯಿಸಿದಳು.

"ಎಷ್ಟು ದಿನ ಸಾರ್ ಇದು? ದಿನಾ ಸುತ್ಕೊಂಡ್ ಹೋಗಿ ಅರ್ಧ ದಿನದ ಸಂಬ್ಳ ಕಟ್ ಆಗ್ತಿದೆ. ನಮ್ ಮೇಸ್ತ್ರಿ ಇದ್ದಿದ್ರೆ ಒಂದ್ ಸೈಡ್ ಬಿಟ್ಕೊಂಡು ಇನ್ನೊಂದ್ ಸೈಡ್ ಮಾಡೋರು."

ನನಗದು ಹೊಳೆದೇ ಇರಲಿಲ್ಲ. ಹಳೆಯ ಹೊಟ್ಟೆಕಿಚ್ಚು ಮತ್ತೆ ಎದ್ದಿತು. ಗುತ್ತಿಗೆದಾರ, ಗ್ಯಾಂಗಿನವರು, ಹೊಸ ಎಂಜಿನಿಯರ್, ಎಲ್ಲರೂ ಕೇಳಿಸಿಕೊಳ್ಳುತ್ತಿದ್ದರು.

"ಹೌದಮ್ಮ, ಅವರಾಗಿದ್ದರೆ ಹಾಗೇ ಮಾಡ್ತಿದ್ರು. ಈ ಸೇತುವೆ ಬಗ್ಗೆ ನನಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು" ಎಂದೆ.

ಇಷ್ಟನ್ನು ನಾಲ್ಕು ಜನರೆದುರು ಹೇಳಲು, ಅವರು ಸಾಯಬೇಕಾಯಿತು.