ಎರಡನೆಯ ಸಾಕು

ನಮ್ಮ ಬೀದಿಯವರು ಅವನನ್ನು ಹೆಬ್ಬೆಟ್ಟು ಎಂದು ಕರೆಯುತ್ತಾರೆ. ಓದು ಬರಹ ಬಾರದವನೆಂದು ತಿಳಿಯಬೇಡಿ. ಬೆಳಿಗ್ಗೆ ನನ್ನ ಅಂಗಡಿಯ ಪತ್ರಿಕೆಯನ್ನು ಮೊದಲು ಬಿಚ್ಚಿ, ಪದಬಂಧವನ್ನೆಲ್ಲ ತುಂಬಿಸಿ, ನನ್ನ ಗಿರಾಕಿಗಳಿಗೆ ಬರೀ ಮರಣವಾರ್ತೆ ಉಳಿಸುವವನು ಅವನೇ. ಆ ಹೆಸರು ಬಂದದ್ದು ಅವನ ಎರಡು ಹೆಬ್ಬೆರಳುಗಳಿಂದ. ಇಪ್ಪತ್ತೆರಡು ವರ್ಷ ಕಂಡವರ ಬೆನ್ನು ಒತ್ತಿ ಒತ್ತಿ ಅವು ಚಮಚದ ಹಾಗೆ ಚಪ್ಪಟೆಯಾಗಿ ಹಿಂದಕ್ಕೆ ಬಾಗಿವೆ.

ನನ್ನದು ಕಟಿಂಗ್ ಅಂಗಡಿ, ಅವನದು ಪಕ್ಕದ ಮಸಾಜ್ ಕೋಣೆ. ನಡುವೆ ಇರುವುದು ಒಂದು ಹಲಗೆ ಗೋಡೆ. ಅವನು ಬೋರ್ಡು ಹಾಕಿದ ದಿನ ನಾನು ಮುಖ ಸಿಂಡರಿಸಿಕೊಂಡೇ ಇದ್ದೆ, ಯಾಕೆಂದರೆ ತಲೆ ತಿಕ್ಕುವುದು ನನ್ನ ಕಸುಬಿನಲ್ಲೇ ಸೇರಿದೆ. ಸಂಜೆ ಅವನೇ ಬಂದು, "ಅಣ್ಣ, ಕತ್ತಿನಿಂದ ಮೇಲೆ ನಿಂದು, ಕೆಳಗೆ ನಂದು. ಕತ್ತು ಇಬ್ಬರಿಗೂ ಇರಲಿ" ಅಂದ. ನಕ್ಕುಬಿಟ್ಟೆ. ಅಂದಿನಿಂದ ಇಂದಿನವರೆಗೆ ನಮ್ಮ ನಡುವೆ ಗಡಿ ಜಗಳ ಬಂದಿಲ್ಲ.

ಮೂವತ್ತು ವರ್ಷ ಕತ್ತರಿ ಹಿಡಿದು ಕೈ ಎತ್ತಿಕೊಂಡೇ ನಿಂತವನ ಬಲಭುಜ ಸುಮ್ಮನಿರುತ್ತದೆಯೇ? ಒಂದು ವರ್ಷ ಅದು ಎಷ್ಟು ಹಟ ಹಿಡಿಯಿತೆಂದರೆ ಅಂಗಿ ತೊಡಿಸಲೂ ಹೆಂಡತಿ ಬೇಕಾಯಿತು. ಹೋಗಿ ಅವನ ಮೇಜಿನ ಮೇಲೆ ಬೋರಲು ಮಲಗಿದೆ. ಅವನು ಭುಜದ ಹಲಗೆಯ ಅಂಚಿನಲ್ಲಿ ಒಂದು ಗಂಟು ಹುಡುಕಿ ಅದರ ಮೇಲೆ ಹೆಬ್ಬೆಟ್ಟು ಊರಿದ. ಕಣ್ಣಲ್ಲಿ ನಕ್ಷತ್ರ ಕಂಡವು. "ಸಾಕು, ಸಾಕು" ಅಂದೆ. ಅವನು ಬಿಡಲಿಲ್ಲ.

"ಸಾಕು ಅಂದ್ನಲ್ಲಪ್ಪ," ಅಂದೆ.

"ಮೊದಲನೇ ಸಾಕು ಹೆದರಿಕೆದು ಅಣ್ಣ, ಅದನ್ನ ನಾನು ಲೆಕ್ಕಕ್ಕೆ ಹಿಡಿಯಲ್ಲ. ಎರಡನೇದು ಮೈದು. ಅದಕ್ಕೆ ನಿಲ್ಲಿಸ್ತೀನಿ. ಒಟ್ಟಿಗೆ ಎರಡು ಸಲ ಅಂದ್ರೆ ಅದು ಒಂದೇ."

ನಾನು ಎರಡನೆಯದನ್ನು ಹೇಳಬೇಕೆನ್ನುವಷ್ಟರಲ್ಲಿ ಗಂಟು ಕರಗಿತು. ಎದ್ದು ಕೈ ಮೇಲೆತ್ತಿದರೆ ಅದು ನನ್ನ ಕೈಯೇ ಅಲ್ಲ ಅನ್ನಿಸುವಷ್ಟು ಹಗುರ. ಬಸ್ ಚಾಲಕನ ಸೊಂಟ, ಬ್ಯಾಂಕಿನ ಗುಮಾಸ್ತೆಯ ಕತ್ತು, ದರ್ಜಿಯ ಬೆನ್ನು, ಎಲ್ಲವೂ ಹೀಗೆ ಆ ಮೊದಲ ಸಾಕಿನ ಆಚೆಗೇ ವಾಸಿಯಾದವು. ಹಲಗೆ ಗೋಡೆಯ ಈಚೆ ನಿಂತು ನಾನು ದಿನವೂ ಕೇಳಿಸಿಕೊಳ್ಳುತ್ತಿದ್ದೆ. ಒಂದು ಸಾಕು ಕೇಳಿದರೆ ನನ್ನ ಕುರ್ಚಿಯಲ್ಲಿದ್ದ ಗಿರಾಕಿಗೆ, "ಇನ್ನೊಂದಿದೆ ತಡೀರಿ" ಎನ್ನುತ್ತಿದ್ದೆ.

ಆ ಲೆಕ್ಕ ಅವನು ಕಲಿತದ್ದು ಅಕ್ಕನ ಹತ್ತಿರ. ಕೋಣೆಯ ಮೇಲಿನ ಮಹಡಿಯಲ್ಲಿ ಇರುವವರು ಅವರಿಬ್ಬರೇ. ಅಕ್ಕ ಮೂವತ್ತೈದು ವರ್ಷ ಲಾಂಡ್ರಿಯಲ್ಲಿ ಇಸ್ತ್ರಿ ಮಾಡಿದವಳು. ಬೀದಿಯಲ್ಲಿ ಯಾರ ಕಾಲರು ಮಡಚಿಕೊಂಡಿದ್ದರೂ ನಿಲ್ಲಿಸಿ ಸರಿ ಮಾಡದೆ ಬಿಡುವವಳಲ್ಲ. ಮದುವೆ ಯಾಕಾಗಲಿಲ್ಲ ಎಂದು ಕೇಳಿದರೆ, "ಇವನ ಅಂಗಿಗೆ ಗುಂಡಿ ಹಾಕೋದ್ರಲ್ಲಿ ಮರ್ತೇಹೋಯ್ತು" ಎನ್ನುತ್ತಿದ್ದಳು. ಅಪ್ಪ ಅಮ್ಮ ಹೋದಾಗ ಅವನಿಗೆ ಒಂಬತ್ತು ವರ್ಷ. ಸಂಜೆ ಇಸ್ತ್ರಿ ಪೆಟ್ಟಿಗೆ ಎತ್ತಿ ಎತ್ತಿ ಸೋತ ಅವಳ ತೋಳನ್ನು ಅವನು ಪುಟ್ಟ ಬೆರಳುಗಳಿಂದ ಒತ್ತುತ್ತಿದ್ದ. ಹುಡುಗನ ಕೈ ನೋಯುತ್ತದೆಂದು ಅವಳು ಬೇಗ ಸಾಕು ಅನ್ನುತ್ತಿದ್ದಳು. ಆ ಸಾಕು ಸುಳ್ಳೆಂದು ಅವನಿಗೆ ಗೊತ್ತಾಗುತ್ತಿತ್ತು. ಮುಂದುವರಿಸಿದರೆ ಅವಳಿಗೆ ಹಾಗೇ ನಿದ್ದೆ ಹತ್ತುತ್ತಿತ್ತು.

ಹೋದ ವರ್ಷ ಅಕ್ಕನಿಗೆ ಸರ್ಪಸುತ್ತು ಎದ್ದಿತು. ಬಲಪಕ್ಕೆಯಲ್ಲಿ ಬೆನ್ನಿನಿಂದ ಎದೆಯ ತನಕ ಒಂದು ಗೇಣಗಲ ಬೊಬ್ಬೆ. ಹುಣ್ಣು ಮೂರು ವಾರದಲ್ಲಿ ಒಣಗಿತು, ನೋವು ಹೋಗಲಿಲ್ಲ. ಸೆರಗು ಸೋಕಿದರೆ ಕಿರುಚುವಷ್ಟು ಉರಿ. ಆಸ್ಪತ್ರೆಯ ಡಾಕ್ಟರಮ್ಮ ಅವನನ್ನೇ ಎದುರು ಕೂರಿಸಿಕೊಂಡು ಬಿಡಿಸಿ ಹೇಳಿದರು: ಇದು ಸ್ನಾಯುವಿನ ನೋವಲ್ಲ, ನರದ್ದು. ಚರ್ಮ ವಾಸಿಯಾದರೂ ನರ ಕಿರುಚುತ್ತಲೇ ಇರುತ್ತದೆ, ಕೆಲವರಿಗೆ ತಿಂಗಳು, ಕೆಲವರಿಗೆ ವರ್ಷ. ಮಾತ್ರೆ ಕೊಡಿ, ಕಾಯಿರಿ, ಅಲ್ಲಿ ಒತ್ತಬೇಡಿ.

ಅವನು ಎರಡು ತಿಂಗಳು ಕಾದ. ಮಾತ್ರೆ ತಿಂದ ಅಕ್ಕ ತೂಕಡಿಸುತ್ತಿದ್ದಳೇ ಹೊರತು ನೋವು ಕಡಿಮೆಯಾಗಲಿಲ್ಲ.

ಈಗ ನನ್ನ ಪಾಪವನ್ನೂ ಹೇಳಿಬಿಡಬೇಕು. ಒಂದು ಮಧ್ಯಾಹ್ನ ಚಾಲಕ ಅವನ ಕೋಣೆಯಿಂದ ಸೊಂಟ ನೆಟ್ಟಗೆ ಮಾಡಿಕೊಂಡು ಹೊರಟ. ಬಾಗಿಲಲ್ಲಿ ನಿಂತಿದ್ದ ನಾನು, ಎಲುಬಿಲ್ಲದ ನನ್ನ ನಾಲಿಗೆ ಆಡಿದಂತೆ, "ದೀಪದ ಬುಡದಲ್ಲಿ ಕತ್ತಲೆ ಅಂದ್ರೆ ಇದೇ ನೋಡು. ಊರವರ ನೋವೆಲ್ಲ ತೆಗೀತೀಯ, ಮೇಲೆ ಅಕ್ಕ ನರಳ್ತಾ ಕೂತಿದಾಳೆ" ಅಂದೆ. ತಮಾಷೆಗೆ ಅಂದದ್ದೋ, ಕನಿಕರಕ್ಕೆ ಅಂದದ್ದೋ ನನಗೇ ಗೊತ್ತಿಲ್ಲ. ಮಾತು ಆಡಿದರೆ ಹೋಯಿತು. ಅವನ ಮುಖ ಕಪ್ಪಿಟ್ಟಿತು.

"ನೋವಿಗೆ ಹೆದರಿ ಎರಡು ತಿಂಗಳಿಂದ ಒಂದೇ ಮಗ್ಗುಲಲ್ಲಿ ಮುದುಡಿಕೊಂಡಿದಾಳೆ ಅಣ್ಣ. ಅಲ್ಲಿ ಗಂಟು ಕಟ್ಟಿರ್‌ಬೇಕು," ಅಂದ. "ಡಾಕ್ಟರಮ್ಮಂಗೆ ನರ ಗೊತ್ತು. ಬೆನ್ನು ಗೊತ್ತಿರೋದು ನಂಗೆ."

ಮರುದಿನ ಅಕ್ಕನನ್ನು ಕೆಳಗಿಳಿಸಿ ಮೇಜಿನ ಮೇಲೆ ಮಲಗಿಸಿದ. ನಾನು ಒಬ್ಬರ ಕೆನ್ನೆಗೆ ನೊರೆ ಹಚ್ಚುತ್ತಿದ್ದೆ. ಎಣ್ಣೆ ಬಾಟಲಿಯ ಮುಚ್ಚಳ ತಿರುಗಿದ ಸದ್ದು. ಆಮೇಲೆ ಅಕ್ಕನ ದನಿ, ಸಣ್ಣದಾಗಿ, "ಸಾಕು."

ನಾನು ಕೈ ನಿಲ್ಲಿಸಿದೆ. ಗಿರಾಕಿ ಕನ್ನಡಿಯಲ್ಲಿ ನನ್ನನ್ನು ನೋಡಿದ. ಎರಡನೆಯದಕ್ಕೆ ಕಾದೆ. ಗೋಡೆಯ ಆಚೆ ಅವನೂ ಒತ್ತುತ್ತಲೇ ಅದಕ್ಕೇ ಕಾಯುತ್ತಿದ್ದ. ಕೆನ್ನೆಯ ನೊರೆ ಆರಿತು. ಎರಡನೆಯ ಸಾಕು ಬರಲಿಲ್ಲ. ಬಂದದ್ದು, "ಅಕ್ಕಾ, ಅಕ್ಕಾ" ಎಂಬ ಅವನ ಕೂಗು. ಓಡಿಹೋಗಿ ನೋಡಿದರೆ ಅವಳು ತಲೆಯ ಕೆಳಗಿದ್ದ ಟವೆಲನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಎಚ್ಚರ ತಪ್ಪಿದ್ದಳು.

ಅಲ್ಲಿಂದ ಮುಂದೆ ಅವಳಿಗೆ ಫ್ಯಾನಿನ ಗಾಳಿಯೂ ಆಗದು. ಹೊಲಿಗೆಯ ಅಂಚು ತಾಗುತ್ತದೆಂದು ಅವನ ಹಳೆಯ ಅಂಗಿಯನ್ನು ಒಳಗು ಹೊರಗು ಮಾಡಿ ತೊಡುತ್ತಾಳೆ. ಇಡೀ ಬೀದಿಯ ಕಾಲರು ನೆಟ್ಟಗಿಟ್ಟವಳು ತಾನೇ ಮುದುಡಿದ ಅಂಗಿಯಲ್ಲಿ ಕಿಟಕಿ ಮುಚ್ಚಿ ಕೂರುತ್ತಾಳೆ. ಈ ನೋವು ಹೀಗೆಯೇ ಏರುವುದಿತ್ತು, ನೀವು ಒತ್ತಿದ್ದರಿಂದಲೇ ಎನ್ನಲಾಗದು ಎಂದು ಡಾಕ್ಟರಮ್ಮ ಎರಡು ಸಲ ಹೇಳಿದರು. ಅವನು ತಲೆಯಾಡಿಸಿದ, ನಂಬಲಿಲ್ಲ. ನಾನೂ ನಂಬಲಿಲ್ಲ.

ಅವನ ಕೈಯ ಧೈರ್ಯ ಹೋದದ್ದು ಆಗ. ಯಾರಾದರೂ ಮೊದಲ ಸಾಕು ಅಂದರೆ ಸಾಕು, ಕೆಂಡ ಮುಟ್ಟಿದವನಂತೆ ಕೈ ಎತ್ತಿಬಿಡುತ್ತಿದ್ದ. ಸಾಕು ಅನ್ನದವರನ್ನೂ ಗಳಿಗೆಗೊಮ್ಮೆ ಕೇಳುತ್ತಿದ್ದ, ನೋಯ್ತಾ, ನೋಯ್ತಾ ಎಂದು. ಅಂಥ ಒತ್ತುವಿಕೆಗೆ ಯಾವ ಗಂಟು ಬಿಚ್ಚೀತು? ಗುಮಾಸ್ತೆ ಕತ್ತು ಹಿಡಿದುಕೊಂಡು ಬಂದವಳು ಹಾಗೇ ಹಿಡಿದುಕೊಂಡು ಹೋದಳು. ಚಾಲಕ ಮತ್ತೆ ಓರೆಯಾಗಿ ನಡೆಯತೊಡಗಿದ. ನನ್ನ ಭುಜವೂ ಹಳೆಯ ಹಾದಿ ಹಿಡಿಯಿತು. ಹೋಗಿ ಮಲಗಿ, "ಒತ್ತಪ್ಪ, ನಾನು ಸಾಯಲ್ಲ" ಅಂದೆ. ಅವನು ಎಣ್ಣೆ ಸವರಿ, ಸವರಿ, ಕೊನೆಗೆ ಕೈ ಒರೆಸಿಕೊಂಡು, "ಆಗ್ತಾ ಇಲ್ಲ ಅಣ್ಣ" ಅಂದ. ಊರಿನ ನೋವೆಲ್ಲ ಹೊರಟಲ್ಲಿಗೇ ವಾಪಸು ಬರುವುದನ್ನು ನಾವು ನೋಡುತ್ತ ಕೂತೆವು.

ನನ್ನ ಬಾಯಿ ಅಷ್ಟಾದರೂ ಬುದ್ಧಿ ಕಲಿಯಲಿಲ್ಲ. ಮೇಲೆ ಮಾತ್ರೆ ಕೊಡಲು ಹೋದಾಗ ಇದನ್ನೆಲ್ಲ ಅಕ್ಕನಿಗೆ ಹೇಳಿಬಿಟ್ಟೆ. ಅವಳು ಎಲ್ಲ ಕೇಳಿ, "ಹೌದಾ" ಎಂದಳು ಅಷ್ಟೆ.

ಮೊನ್ನೆ ಮಧ್ಯಾಹ್ನ ಮೆಟ್ಟಿಲ ಮೇಲೆ ಸದ್ದಾಯಿತು. ಅಕ್ಕ ಇಳಿದು ಬರುತ್ತಿದ್ದಳು, ಬಲಗೈಯನ್ನು ಪಕ್ಕೆಗೆ ತಾಗದಂತೆ ದೂರ ಹಿಡಿದು, ಒಂದೊಂದು ಮೆಟ್ಟಿಲಿಗೂ ನಿಂತು. ನಾನು ಅರ್ಧ ಬೋಳಿಸಿದ ಗಿರಾಕಿಯನ್ನು ಹಾಗೇ ಬಿಟ್ಟು ಅವಳ ಹಿಂದೆ ಹೋದೆ. ಅವಳು ತಮ್ಮನ ಕೋಣೆಗೆ ನುಗ್ಗಿ ಸ್ಟೂಲಿನ ಮೇಲೆ ಕೂತು, ಅಂಗಿಯನ್ನು ಎಡಭುಜದಿಂದ ಸರಿಸಿದಳು.

"ಈ ಕಡೆ ಏನಿಲ್ಲ. ಒತ್ತು," ಅಂದಳು.

"ಬೇಡ ಅಕ್ಕ."

"ನಿನಗೆ ಕೈ ಕಲಿಸಿದ್ದೇ ನನ್ನ ತೋಳು. ಒತ್ತು ಅಂದ್ರೆ ಒತ್ತು."

ಅವನು ಎಣ್ಣೆ ಬಾಟಲಿಯನ್ನು ಹಿಂದಕ್ಕೆ ಸರಿಸಿದ. ಆಮೇಲೆ, ಅಷ್ಟು ತಿಂಗಳು ನುಂಗಿಕೊಂಡಿದ್ದನ್ನು ಕೇಳಿಬಿಟ್ಟ. "ಅವತ್ತು ಎರಡನೇದು ಯಾಕೆ ಹೇಳ್ಲಿಲ್ಲ ನೀನು? ನಾನು ಕಾಯ್ತಾ ಇದ್ದೆ. ಹೇಳಿದ್ರೆ ಬಿಡ್ತಿದ್ದೆ."

ಅಕ್ಕ ಗೋಡೆ ನೋಡುತ್ತ ಹೇಳಿದಳು: "ಎಲ್ಲರಿಗೂ ಅದರ ಆಚೆಗೇ ಗುಣ ಆಗೋದು ಅಂತೀಯಲ್ಲ. ನನಗೂ ಆಗುತ್ತೆ ಅಂತ ತಡ್ಕೊಂಡೆ ಕಣೋ."

ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಹೋಗಲೂ ಆಗಲಿಲ್ಲ. ಅವನು ಎಣ್ಣೆ ತೆಗೆದುಕೊಂಡು ಅಂಗೈಯಲ್ಲಿ ಬಿಸಿ ಮಾಡಿದ. ಅವಳ ಎಡಭುಜದ ಮೇಲೆ ಹೆಬ್ಬೆಟ್ಟು ಇಟ್ಟ. ಇಟ್ಟದ್ದಷ್ಟೇ ಅಲ್ಲ, ಬಹಳ ದಿನಗಳ ಮೇಲೆ ನಿಜವಾಗಿ ಊರಿದ. ಆಳದಲ್ಲಿ ಏನೋ ಸಿಕ್ಕಿರಬೇಕು, ಅವಳ ಬಾಯಿಂದ ತಾನಾಗಿ ಬಂತು, "ಸಾಕು."

ಅವನ ಕೈ ಗಾಳಿಯಲ್ಲಿತ್ತು.

"ಇನ್ನೊಂದು ಹೇಳಿಲ್ಲ ನಾನು," ಅಂದಳು ಅಕ್ಕ, ತಿರುಗದೆ. "ಸಿಕ್ಕಿದೆ ಅಲ್ವಾ? ಬಿಡಬೇಡ."

ಅವನು ಎರಡು ಹೆಬ್ಬೆಟ್ಟುಗಳನ್ನೂ ಅವಳ ಭುಜದ ಹತ್ತಿರ ತಂದ. ಅಲ್ಲಿಗೆ ಬಂದವು ಮುಂದಕ್ಕೆ ಹೋಗಲಿಲ್ಲ. ಬೆರಳ ತುದಿಯಿಂದ ಎಣ್ಣೆ ಇಳಿದು ಮೊಣಕೈಗೆ ಹರಿಯುತ್ತಿತ್ತು. ಅವಳು ಅವನು ಒತ್ತಲಿ ಎಂದು ಕಾಯುತ್ತಿದ್ದಳು. ಅವನು ಅವಳು ಎರಡನೆಯದನ್ನು ಹೇಳಲಿ ಎಂದು ಕಾಯುತ್ತಿದ್ದ.

ನನ್ನ ಗಿರಾಕಿ ಆಚೆಯಿಂದ ಕರೆದ. ಹೋಗಿ ಅವನ ಇನ್ನೊಂದು ಕೆನ್ನೆ ಮುಗಿಸಿ, ಮುಖ ಒರೆಸಿ, ಪೌಡರು ಹಚ್ಚಿ ಕಳಿಸಿದೆ. ಗೋಡೆಯ ಆಚೆ ಒಂದು ಸದ್ದೂ ಇರಲಿಲ್ಲ. ತಿರುಗಿ ಬಂದು ಬಾಗಿಲಲ್ಲಿ ಇಣುಕಿದೆ. ಅಕ್ಕ ಭುಜ ಬಿಟ್ಟುಕೊಂಡು ಹಾಗೇ ಕೂತಿದ್ದಳು, ಅವನು ಹಾಗೇ ನಿಂತಿದ್ದ.